ತಾಡಪತ್ರಿಯ ಮೇಲಿನ ಇಬ್ಬನಿ

ಇವತ್ತು ಟಿಳಕವಾಡಿಯ ಅಂಗಡಿಯಲ್ಲಿ ಹೊಸ ತಾಡಪತ್ರಿ, ದಪ್ಪ ಟಾರ್ಪಾಲಿನ್, ಬಿಚ್ಚಿದರು. ಆ ವಾಸನೆ ಬಡಿದದ್ದೇ ತಡ, ನಾನು ಜಾಂಬೋಟಿಯ ಗುಡ್ಡದ ಮೇಲಿದ್ದೆ.

ನಾವು ಸಣ್ಣವರಿದ್ದಾಗ ಒಮ್ಮೆ ಅಪ್ಪ ನಮ್ಮನ್ನೆಲ್ಲ ಬಾಡಿಗೆ ಜೀಪಿನಲ್ಲಿ ಅಲ್ಲಿಗೆ ಕರೆದೊಯ್ದಿದ್ದ. ಶೇಂಗಾ ಒಣಗಿಸಲು ತಂದಿದ್ದ ಹೊಸ ತಾಡಪತ್ರಿಯೇ ನಮ್ಮ ಡೇರೆ. ಅಪ್ಪನ ತಾಯಿ, ನಮ್ಮ ಆಯಿ, ಲಿಂಗಪೂಜೆಯಾಗದೆ ಚಹಾ ಕೂಡ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ನೋಡಿದರೆ ಕೊಡ ಖಾಲಿ. ಹಿಂದಿನ ದಿನ ಕಾದ ಇಂಜಿನ್ನಿಗೆ ಸುರಿದು ಉಳಿದ ನೀರು ರಾತ್ರಿಯ ಅನ್ನಕ್ಕೆ ಮುಗಿದಿತ್ತು.

"ಯವ್ವಾ, ಹಳ್ಳ ಭಾಳ ದೂರ ಐತಿ. ನೀರ ತರೂತನಕ ಹಸಕೊಂಡ ಇರತೀಯೇನು?" ಅಪ್ಪ ತಲೆ ತಗ್ಗಿಸಿ ಕೇಳಿದ.

ಆಯಿ ಎದ್ದು ತಾಡಪತ್ರಿಯ ಅಂಚನ್ನು ಮೆಲ್ಲಗೆ ಎತ್ತಿದಳು. ಮೇಲೆ ನಿಂತಿದ್ದ ಇಬ್ಬನಿ ಹರಿದು ಅವಳ ಬಟ್ಟಲಿಗಿಳಿಯಿತು. ಅಷ್ಟೇ ನೀರಿನಲ್ಲಿ ಪೂಜೆ ಮುಗಿಸಿದಳು.

"ಅಪ್ಪಗ ಯಾಕ ಬೈಲಿಲ್ಲ?" ಎಂದು ಆಮೇಲೆ ಕೇಳಿದೆ.

"ಬೈದರ ಮತ್ತ ಕರಕೊಂಡ ಬರೂದಿಲ್ಲ. ನಾ ಹಿಂಗ ತಿರುಗಾಕ ಬಂದದ್ದು ಇದ ಮೊದಲ," ಎಂದಳು.

ಅಂಗಡಿಯವನು ಅಳತೆ ಕೇಳುತ್ತಿದ್ದ.

"ಮಕ್ಕಳ ಜೋಡಿ ತಿರುಗಾಕ ಹೊಂಟೇವಿ, ನಾಕ ಮಂದಿ ಮಲಗೂವಷ್ಟ ಕೊಡ್ರಿ," ಎಂದೆ. ಅವನು ಕತ್ತರಿ ಎತ್ತುವಷ್ಟರಲ್ಲಿ ತಡೆದೆ.

"ಐದ ಮಂದಿಗಿ ಮಾಡ್ರಿ. ನಮ್ಮವ್ವನೂ ಬರತಾಳ."