ಕೊಡೆಬಟ್ಟೆಯ ಕಪ್ಪು ಪಟ್ಟಿ

ಕೇಂದ್ರ ನೌಕರರಷ್ಟೇ ಸಂಬಳ ಬೇಕೆಂದು ನಾವು ಶಿಕ್ಷಕರು ಮುಷ್ಕರ ಹೂಡಿದ ದಿನ, ಅಂಕಲಿ ಸಮೀಪದ ನಮ್ಮ ಸರ್ಕಾರಿ ಶಾಲೆಯ ಅತಿಥಿ ಶಿಕ್ಷಕಿ ಹಳೆಯ ಕೊಡೆಬಟ್ಟೆ ಕತ್ತರಿಸಿ ಎಲ್ಲರ ತೋಳಿಗೂ ಕಪ್ಪು ಪಟ್ಟಿ ಕಟ್ಟಿದರು. ಕೊನೆಯದನ್ನು ತಾವೂ ಕಟ್ಟಿಕೊಂಡರು. ಸೀಮೆಸುಣ್ಣ ಮುಟ್ಟದೆ ವರ್ಷಗಳೇ ಕಳೆದಿದ್ದ ನಮ್ಮ ಸಂಘದ ಅಧ್ಯಕ್ಷ ಮಹಾಶಯ ಮುಖ ಸಿಂಡರಿಸಿದ.

"ಅದನ್ನ ಬಿಚ್ರಿ ಅಕ್ಕಾರ. ನೀವೂ ಬಂದ್ರ ಸಾಲಿ ಯಾರ ನೋಡ್ಕೋಬೇಕು? ನಿಮ್ಮ ಪಗಾರದ ಮಾತು ಮುಂದ ನೋಡೂಣು."

ನಮ್ಮಷ್ಟೇ ಪಾಠ ಮಾಡಿ ನಮ್ಮ ಸಂಬಳದ ಅರ್ಧವನ್ನೂ ಕಾಣದ ಆಕೆ ಪಟ್ಟಿ ಬಿಚ್ಚಿದರು. ಐದೂ ತರಗತಿಗಳನ್ನು ಅವರೊಬ್ಬರ ತಲೆಗೆ ಕಟ್ಟಿ ನಾವು ಶೂರರು ಚಿಕ್ಕೋಡಿಯ ಧರಣಿಗೆ ಹೋದೆವು. ಆಕೆ ಪಟ್ಟಿ ಕಟ್ಟಿದ್ದ ನಮ್ಮ ಕೈಗಳನ್ನೇ ಮೇಲೆತ್ತಿ, "ಸಮಾನ ಕೆಲಸಕ್ಕೆ ಸಮಾನ ವೇತನ!" ಎಂದು ಗಂಟಲು ಹರಿಯುವಂತೆ ಕೂಗಿದೆವು. ಎಲ್ಲರಿಗಿಂತ ಗಟ್ಟಿ ದನಿ ನನ್ನದಾಗಿತ್ತು.