ಹಗ್ಗದ ಕೊನೆಯಲ್ಲಿ ನಿಂತ ಮೇಸ್ತ್ರಿ

ಆ ತರಬೇತಿಗೆ ಕೇಳಿದ್ದು ಮೂರೂವರೆ ಸಾವಿರ, ನಾನು ಕೊಟ್ಟದ್ದು ಎರಡೂವರೆ. ಮಧ್ಯಾಹ್ನದ ಊಟ, ಎರಡು ಸಲ ಚಹಾ ಸೇರಿ. ಫೀಸಿನಲ್ಲೂ ಚೌಕಾಸಿಯೇ ಎಂದು ಹುಬ್ಬೇರಿಸಬೇಡಿ, ಕೇಳಿದರೆ ಇಳಿಸುತ್ತಾರೆ, ಕೇಳುವುದಕ್ಕೇನೂ ಖರ್ಚಿಲ್ಲ. ಹೋದದ್ದೇಕೆಂದರೆ, ನನ್ನ ಅಂಗಡಿಯ ಮೂವರು ಆಳುಗಳು ಒಬ್ಬರ ಹಿಂದೊಬ್ಬರು ಪಕ್ಕದ ಬೀದಿಯ ಅಂಗಡಿಗೆ ಸೇರಿಕೊಂಡಿದ್ದರು. ದೇವರಾಜ ಅರಸು ಬಡಾವಣೆಯಲ್ಲಿ ನಮ್ಮ ಎದುರು ಮನೆಯವರು ಟೈಲ್ಸ್ ವ್ಯಾಪಾರಿ. ಗೇಟಿನ ಮೇಲೆ ಮೊಣಕೈ ಊರಿಕೊಂಡು, "ನಿಮಗೆ ವ್ಯಾಪಾರ ಬರ್ತೈತ್ರಿ, ಲೀಡರ್‌ಶಿಪ್ ಬರಲ್ಲ. ಭಾನುವಾರ ನನ್ ಜೊತೆ ಬರ್ರಿ" ಅಂದರು. ಹೋದೆ.

ಕೊಂಡಜ್ಜಿ ಕೆರೆಯ ಹತ್ತಿರ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದರು. ಬೆಳಿಗ್ಗೆ ಪರದೆ ಕಟ್ಟಿ ಒಂದು ಆಟದ ಸಿನಿಮಾ ತೋರಿಸಿದರು. ಸೋಲುತ್ತಲೇ ಇರುವ ಒಂದು ತಂಡ, ಎಲ್ಲಿಂದಲೋ ಬಂದ ಕೋಚು, ಫೈನಲ್ಲಿಗೆ ಮುಂಚೆ ಅವನದೊಂದು ಭಾಷಣ, ಭಾಷಣದ ಹಿಂದೆ ಪಿಟೀಲು. ಎಲ್ಲರೂ ಸೇರಿ ಕಪ್ ಮೇಲೆತ್ತುವಲ್ಲಿಗೆ ಸಿನಿಮಾ ಮುಗಿಯಿತು, ದೀಪ ಹಾಕಿದರು. ತರಬೇತುದಾರ ಮೂವತ್ತರ ಆಸುಪಾಸಿನ ಹುಡುಗ, ಮಾತು ಸಲೀಸು. "ಈಗ ಹೇಳಿ ಸಾರ್, ಲೀಡರ್ ಅಂದ್ರೆ ಯಾರು?" ಎಂದು ಕೇಳಿದ. "ಎಲ್ಲರಿಗಿಂತ ಜೋರಾಗಿ ಕೂಗೋನು" ಎಂದು ಹಿಂದಿನಿಂದ ಯಾರೋ ಅಂದರು. ಅವನು ಮೆಚ್ಚಿ ಬೋರ್ಡಿನ ಮೇಲೆ ಬರೆದ.

ಚಹಾ ಆದ ಮೇಲೆ ಅವನು ಕಾರಿನ ಡಿಕ್ಕಿಯಿಂದ ಒಂದು ಹಗ್ಗ ತಂದ. ಟೀಮ್ ಕಟ್ಟುವುದನ್ನು ಹಗ್ಗ ಎಳೆದು ಕಲಿಯಬೇಕಂತೆ. ನನ್ನ ಕೈಗೆ ತುದಿ ಕೊಟ್ಟ. ಸೆಣಬಿನ ಹಗ್ಗ. ಮೂಗಿನ ಹತ್ತಿರ ಬಂದದ್ದೇ ತಡ... ಆ ಸೀಮೆಎಣ್ಣೆಯಂಥ ಕಮಟು ವಾಸನೆ. ನನ್ನ ಅಂಗಡಿಯಲ್ಲಿ ಈಗ ಎಲ್ಲವೂ ಪ್ಲಾಸ್ಟಿಕ್ಕು: ಚೀಲ, ತಾಡಪಾಲು, ನೈಲಾನ್ ಹಗ್ಗ. ಸೆಣಬು ಮೂಸಿ ಎಷ್ಟು ವರ್ಷವಾಗಿತ್ತೋ. ಅಲ್ಲಿ ನಿಂತ ಹಾಗೆಯೇ ನನ್ನ ಹಿಂದೆ, ಹಗ್ಗದ ಕಟ್ಟಕಡೆಯಲ್ಲಿ, ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ನಮ್ಮ ಮೇಸ್ತ್ರಿ ನಿಂತಿದ್ದಾರೆ ಅನ್ನಿಸಿಬಿಟ್ಟಿತು.

ಅಂಗಡಿ ಹಾಕುವ ಮುಂಚೆ ನಾನು ದಾವಣಗೆರೆಯ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ ಮಾಡುತ್ತಿದ್ದೆ. ಮೆಕ್ಕೆಜೋಳದ ಚೀಲ ಹೊರುವುದು, ಲಾರಿ ತುಂಬುವುದು. ನಮ್ಮ ಗುಂಪಿಗೆ ಅವರು ಮೇಸ್ತ್ರಿ. ಸಾಧು ಮನುಷ್ಯ ಎಂದು ಮಾತ್ರ ತಿಳಿಯಬೇಡಿ. ಮೀಸೆಗೆ ಎಣ್ಣೆ ಹಚ್ಚುತ್ತಿದ್ದರು, ಲಾರಿಯ ಕನ್ನಡಿಯಲ್ಲಿ ಮುಖ ನೋಡಿಕೊಳ್ಳದೆ ಕೆಲಸ ಶುರು ಮಾಡುತ್ತಿರಲಿಲ್ಲ. ತಮ್ಮ ತೋಳಿನ ಬಗ್ಗೆ ತಾವೇ ಗಂಟೆಗಟ್ಟಲೆ ಮಾತಾಡುತ್ತಿದ್ದರು. ಯಾರಿಗೂ ತಲೆ ತಗ್ಗಿಸಿದ್ದನ್ನು ನಾನು ಕಂಡಿರಲಿಲ್ಲ, ಆ ಒಂದು ದಿನದವರೆಗೆ.

ಅವರದೊಂದು ಪದ್ಧತಿಯಿತ್ತು. ದೊಡ್ಡ ಭಾರ ಎಳೆಯುವಾಗ, ತೂಕದ ಯಂತ್ರವನ್ನೋ ಕೆಟ್ಟು ನಿಂತ ಲಾರಿಯನ್ನೋ ಸರಿಸುವಾಗ, ಒಬ್ಬ "ಐಸಾ" ಎಂದು ಕೂಗಬೇಕು, ಆ ಕೂಗಿಗೆ ಉಳಿದವರು ದಮ್ಮು ಕಟ್ಟಿ ಎಳೆಯಬೇಕು. ಬೇರೆ ಗುಂಪುಗಳಲ್ಲಿ ಕೂಗುವವನು ಗಟ್ಟಿಮುಟ್ಟಾದ ಆಳು. ನಮ್ಮಲ್ಲಿ ಕೂಗುತ್ತಿದ್ದವನು ಎಲ್ಲರಿಗಿಂತ ಸೊರಗಿದವನು. ಮಾಯಕೊಂಡದ ಕಡೆಯವನು, ಜೋಳದ ದೂಳು ಎದೆಗಿಳಿದು ಸದಾ ಕೆಮ್ಮುತ್ತಿದ್ದ. ನಾವೆಲ್ಲ ಕೆಮ್ಮಿನಣ್ಣ ಎಂದೇ ಕರೆಯುತ್ತಿದ್ದೆವು. ಇವನ ಕೈಲಿ ಯಾಕೆ ಕೂಗಿಸ್ತೀರಿ ಎಂದು ಹೊಸದರಲ್ಲಿ ನಾನು ಮೇಸ್ತ್ರಿಯನ್ನು ಕೇಳಿದ್ದೆ.

"ನಾನು ಕೂಗಿದ್ರೆ ನನ್ ದಮ್ಮಿಗೆ ಎಲ್ರೂ ಎಳೀಬೇಕು. ಇವನ ಪಕ್ಕೆ ಹರೀತೈತೆ. ಇವನು ಕೂಗಿದ್ರೆ ಇವನ ದಮ್ಮಿಗೆ ಎಳಿಯಾಕೆ ನನಗೇನ್ ತ್ರಾಸು?" ಎಂದು ಹೇಳಿ, "ತಿಳೀತಾ? ಇಲ್ಲ ಕುಂದ್ರಿಸಿ ಹೇಳ್ಲಾ?" ಅಂದಿದ್ದರು.

ಯಾರ್ಡಿನಲ್ಲಿ ಆಗ ಹಮಾಲರಿಗೆ ಕೂರಲು ನೆರಳಿರಲಿಲ್ಲ. ಬುತ್ತಿ ಬಿಚ್ಚುವುದು ಲಾರಿಯ ಅಡಿಯಲ್ಲಿ, ಲಾರಿ ಹೊರಟರೆ ಎದ್ದು ಇನ್ನೊಂದು ಲಾರಿಯ ಅಡಿಗೆ. ಬೇಸಿಗೆಯಲ್ಲಿ ಕೆಮ್ಮಿನಣ್ಣ ಎರಡು ಚೀಲ ಹೊತ್ತು ಬಂದು ಗೋಡೆಗೆ ಒರಗಿ ಕಣ್ಣು ಮುಚ್ಚುತ್ತಿದ್ದ. ಒಂದು ತಗಡಿನ ಶೆಡ್ ಹಾಕಿಸಿಕೊಡಿ ಎಂದು ಮೇಸ್ತ್ರಿ, ನಾವು ಚೀಲ ಹೊರುತ್ತಿದ್ದ ದಲ್ಲಾಳಿ ಮಂಡಿಯ ದೊಡ್ಡ ಸಾಹುಕಾರರನ್ನು ಪ್ರತಿ ಬೇಸಿಗೆ ಕೇಳುತ್ತಿದ್ದರು. ಆ ವರ್ಷ ಹರಿಹರದಲ್ಲಿ ಒಂದು ಸಂಘದವರು ಹಗ್ಗಜಗ್ಗಾಟದ ಪಂದ್ಯ ಇಟ್ಟಿದ್ದರು, ಅದಕ್ಕೆ ಸಾಹುಕಾರರೇ ಮುಖ್ಯ ಅತಿಥಿ. ಮೇಸ್ತ್ರಿ ಮತ್ತೆ ಶೆಡ್ಡಿನ ಮಾತೆತ್ತಿದಾಗ ಅವರು ನಕ್ಕು, ಎಲ್ಲರ ಮುಂದೆಯೇ, "ನೀವೂ ಒಂದು ಟೀಮ್ ತರ್ರಿ. ಕಪ್ ಗೆದ್ರೆ ಶೆಡ್ ಹಾಕಿಸ್ತೀನಿ" ಅಂದರು. ತಮಾಷೆಗೆ ಅಂದದ್ದು. ಮೇಸ್ತ್ರಿ ತಮಾಷೆಯನ್ನು ಅಲ್ಲಿಯೇ ಗಟ್ಟಿ ಮಾಡಿಕೊಂಡರು: "ಎಲ್ರೂ ಕೇಳಿಸ್ಕಂಡ್ರೇನಪಾ?"

ಖಾಲಿ ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ನಿಂತುಕೊಂಡು ಹರಿಹರಕ್ಕೆ ಹೋದೆವು. ಮೈದಾನದ ಆಚೆಗೇ ಹೊಳೆ. ಉಳಿದ ತಂಡಗಳೆಲ್ಲ ಒಂದೇ ಬಣ್ಣದ ಬನಿಯನ್ನು, ಬೂಟು. ನಾವು ಎಂಟು ಜನ ಮಡಚಿ ಕಟ್ಟಿದ ಲುಂಗಿ, ಬರಿಗಾಲು. ಮೇಸ್ತ್ರಿ ಹಗ್ಗದ ಕೊನೆಯಲ್ಲಿ ಲಂಗರಿನ ಹಾಗೆ ನಿಂತರು, ಕೆಮ್ಮಿನಣ್ಣನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. ಜನ ನಕ್ಕರು. "ಆಸ್ಪತ್ರೆ ಆ ಕಡೆ ಐತೆ" ಎಂದು ಒಬ್ಬ ಕೂಗಿದ.

ಹೇಗೆ ಗೆದ್ದೆವೆಂದರೆ, ಕೆಮ್ಮಿನಿಂದಲೇ ಗೆದ್ದೆವು. ಅವನು "ಐಸಾ" ಅಂದಾಗ ಎಳೆದೆವು. ಕೆಮ್ಮು ಬಂದಾಗ ಎಳೆಯದೆ, ಬಿಡದೆ, ಹಿಮ್ಮಡಿ ಊರಿ ಹಿಡಿದುಕೊಂಡು ನಿಂತೆವು. ಇವರಿಗೆ ಸುಸ್ತಾಯಿತೆಂದು ಎದುರಿನವರು ಇದ್ದಬದ್ದ ಶಕ್ತಿ ಹಾಕಿ ಜಗ್ಗುತ್ತಿದ್ದರು. ಹಗ್ಗ ಕದಲುತ್ತಿರಲಿಲ್ಲ. ಅವರ ಉಸಿರು ಮುಗಿಯುವ ಹೊತ್ತಿಗೆ ಇವನ ಕೆಮ್ಮು ನಿಂತು ಮತ್ತೆ "ಐಸಾ". ಫೈನಲ್ಲಿನಲ್ಲಿ ಒಂದು ಆಫೀಸಿನವರ ತಂಡ, ಭಾರೀ ಆಳುಗಳು. ಅವರ ಮುಂದಾಳು ಕುತ್ತಿಗೆಯ ನರ ಉಬ್ಬಿಸಿ ಅರಚುತ್ತಿದ್ದ. ಅರಚುತ್ತಲೇ ಗೆರೆ ದಾಟಿ ನಮ್ಮ ಕಡೆಗೆ ಬಂದು ಬಿದ್ದ.

ಕಪ್ ಮೇಜಿನ ಮೇಲಿತ್ತು. ಆಗ ಆ ತಂಡದವರು ತಕರಾರು ತೆಗೆದರು. ಸಂಘದ ಕಾರ್ಯದರ್ಶಿ ಮೈಕು ಹಿಡಿದು ಹೇಳಿದ: ಇದು ಹವ್ಯಾಸಿಗಳ ಪಂದ್ಯ. ಇವರು ಹಮಾಲರು, ದಿನಾ ಭಾರ ಎಳೆಯುವುದೇ ಇವರ ಕಸುಬು, ಇವರಿಗೆ ಇದು ಆಟ ಆಗುವುದಿಲ್ಲ. ಇಂದಿಗೂ ಆ ಮಾತು ನೆನೆದರೆ ಮೈ ಉರಿಯುತ್ತದೆ. ಹೆಸರು ಬರೆದುಕೊಳ್ಳುವಾಗ ನಮ್ಮ ಕಸುಬು ಗೊತ್ತಿರಲಿಲ್ಲವೇ? ಸೋತಿದ್ದರೆ ಹವ್ಯಾಸಿಗಳು, ಗೆದ್ದದ್ದಕ್ಕೆ ಕಸುಬಿನವರು!

ಮೇಸ್ತ್ರಿ ಸುಮ್ಮನಿರುವವರೇ? ನಿಂತಲ್ಲಿಂದಲೇ ಇಡೀ ಮೈದಾನಕ್ಕೆ ಕೇಳುವ ಹಾಗೆ ಅಂದರು: "ಹಂಗಾದ್ರೆ ದಿನಾ ಆಫೀಸಿನಾಗೆ ಕುರ್ಚಿ ಮ್ಯಾಲೆ ಕುಂದ್ರೋರನ್ನ ಮ್ಯೂಸಿಕಲ್ ಚೇರಿಗೆ ಸೇರಿಸ್ಬ್ಯಾಡ್ರಿ ಸಾಹೇಬ್ರೆ."

ಮೈದಾನಕ್ಕೆ ಮೈದಾನವೇ ನಕ್ಕಿತು. ಆ ನಗೆಯೇ ನಮಗೆ ಮುಳುವಾಯಿತು. ಮರ್ಯಾದೆ ಹೋಯಿತೆಂದು ಕಾರ್ಯದರ್ಶಿಯ ಮುಖ ಬಿಗಿದುಕೊಂಡಿತು, ಇನ್ನು ಅವನು ಹಿಂದೆ ಸರಿಯುವ ಹಾಗಿರಲಿಲ್ಲ. ಸಾಹುಕಾರರು ನಮ್ಮನ್ನು ಶಾಮಿಯಾನದ ಹಿಂದಕ್ಕೆ ಕರೆದರು. ದನಿ ಇಳಿಸಿ ಮೇಸ್ತ್ರಿಗೆ ಹೇಳಿದರು: "ನೋಡು, ಕಪ್ ಹೆಂಗೂ ಕೊಡಲ್ಲ. ನೀನೇ ಹೋಗಿ, ಖುಷಿಯಿಂದ ಬಿಟ್ಟು ಕೊಡ್ತೀವಿ ಅಂತ ಮೈಕಿನಾಗೆ ಹೇಳ್ಬಿಡು. ಸಂಘದ ಮಾನ ಉಳೀತೈತೆ. ನಿನಗೊಂದು ಶಾಲು ಹೊದಿಸ್ತಾರೆ. ಶೆಡ್ಡು ನನ್ನ ಜವಾಬ್ದಾರಿ."

ನಾನು ಆಗಲೇ ಬಾಯಿ ಹಾಕಿದೆ. "ಮೊದಲು ಶೆಡ್ಡಿನ ಕಂಬ ನೆಡಿಸ್ರಿ, ಆಮ್ಯಾಲೆ ಬಂದು ಹೇಳ್ತೀವಿ."

"ಲೇ, ಸುಮ್ಕಿರು. ನೀನು ಹಮಾಲಿ ಬಿಟ್ಟು ವ್ಯಾಪಾರ ಮಾಡಾಕ್ ಹೋಗು" ಎಂದು ಮೇಸ್ತ್ರಿ ನನ್ನನ್ನು ಗದರಿ, ಕೆಮ್ಮಿನಣ್ಣನ ಕಡೆ ತಿರುಗಿದರು. ಭಾರ ಎಳೆಯುವಾಗ ಹೇಗೋ ಇಲ್ಲಿಯೂ ಹಾಗೆಯೇ. "ನೀನ್ ಹೇಳಪಾ. ಏನ್ ಮಾಡಾಣ?"

ಅವನು ನೆಲ ನೋಡುತ್ತಾ ಅಂದ, "ಕಪ್ ತಗಂಡು ಏನ್ ಮಾಡ್ಲಣ್ಣ... ಬಿಸಿಲಾಗೆ ಅದರ ಕೆಳಗೆ ಕುಂದ್ರಾಕೆ ಆಕೈತಾ?"

ಅಷ್ಟೇ. ಮೇಸ್ತ್ರಿ ಮೀಸೆ ಮುಟ್ಟಿಕೊಳ್ಳಲು ಕೈ ಎತ್ತಿದವರು, ಮುಟ್ಟದೆ ಇಳಿಸಿದರು. ವೇದಿಕೆ ಹತ್ತಿದರು. ಮಾತಿಗೆ ನಿಂತರೆ ನಿಲ್ಲದ ಮನುಷ್ಯ, ಅವತ್ತು ಮೈಕಿನ ಮುಂದೆ ತಲೆ ತಗ್ಗಿಸಿ ಹೇಳಿದ್ದು ಇಷ್ಟು: "ನಾವು ಹಮಾಲ್ರು. ನಮಗೆ ಕಪ್ ಬ್ಯಾಡ. ಆಡಾಕ್ ಬಿಟ್ರಲ್ಲ, ಸಾಕು." ಕ್ರೀಡಾ ಮನೋಭಾವ ಎಂದರೆ ಇದು ಎಂದು ಕಾರ್ಯದರ್ಶಿ ಹೊಗಳಿದ. ಭಾರೀ ಚಪ್ಪಾಳೆ. ಹೆಗಲಿಗೆ ಶಾಲು ಬಿತ್ತು. ನಮ್ಮ ಏಳೂ ಜನರ ಕೈ ಮಾತ್ರ ಚಪ್ಪಾಳೆಗೆ ಏಳಲಿಲ್ಲ.

ಬರುವಾಗ ಟ್ರೇಲರಿನಲ್ಲಿ ಮೇಸ್ತ್ರಿ ಆ ಶಾಲನ್ನು ಹಲ್ಲಿನಿಂದ ಕಚ್ಚಿ ಸೀಳಿ ಎಂಟು ತುಂಡು ಮಾಡಿ ಹಂಚಿದರು, ಚೀಲ ಹೊರುವಾಗ ಹೆಗಲ ಮೇಲೆ ಹಾಕಿಕೊಳ್ಳಲಿ ಎಂದು. ಅದೂ ಕೆಲಸಕ್ಕೆ ಬರಲಿಲ್ಲ. ಜರಿ ಕುತ್ತಿಗೆಗೆ ಚುಚ್ಚುತ್ತಿತ್ತು.

ಶೆಡ್ಡು ಬಂತು, ಸುಳ್ಳು ಹೇಳಬಾರದು. ಸಾಹುಕಾರರ ಮಂಡಿಯ ಪಕ್ಕದಲ್ಲೇ ಕಂಬ, ಮೇಲೆ ತಗಡು. ಕೆಲವು ದಿನ ಕೂತು ಉಂಡೆವು. ಆಮೇಲೆ ಒಂದು ಬೆಳಿಗ್ಗೆ ನೋಡಿದರೆ ಸಾಹುಕಾರರ ಕಾರು, ಗುಮಾಸ್ತರ ಸ್ಕೂಟರುಗಳು, ಕಂಬಕ್ಕೆ ಒಂದು ಬೋರ್ಡು: ಮಂಡಿಯವರ ವಾಹನಗಳಿಗೆ ಮಾತ್ರ. ಮೇಸ್ತ್ರಿ ಹೋಗಿ ಕೇಳಿದರು. "ಶೆಡ್ ಹಾಕಿಸ್ತೀನಿ ಅಂದಿದ್ದೆ, ಹಾಕಿಸಿದ್ನಲ್ಲಪ್ಪ. ಗಾಡಿ ಬಿಸಿಲಾಗೆ ನಿಂತ್ರೆ ಬಣ್ಣ ಹೋಕೈತೆ" ಎಂಬ ಉತ್ತರ ಬಂತು.

ಗಾಡಿಯ ಬಣ್ಣ!

ಆ ಬೇಸಿಗೆಯೆಲ್ಲ ಮೇಸ್ತ್ರಿ ಒಂದು ಕೆಲಸ ಮಾಡಿದರು. ಮಧ್ಯಾಹ್ನವಾದರೆ ಕೆಮ್ಮಿನಣ್ಣನನ್ನು ಕರೆದೊಯ್ದು ಎರಡು ಸ್ಕೂಟರುಗಳ ನಡುವಿನ ಸಂದಿಯಲ್ಲಿ ಕೂರಿಸುವುದು, ತಾವು ಬೋರ್ಡಿನ ಮುಂದೆ ಬಿಸಿಲಿನಲ್ಲಿ ಕಾವಲು ನಿಲ್ಲುವುದು. ಏಳಿಸಲು ಬಂದ ಗುಮಾಸ್ತರು ಆ ಮೀಸೆ ನೋಡಿ ಹಿಂದಕ್ಕೆ ಹೋಗುತ್ತಿದ್ದರು. ತಾವು ಮಾತ್ರ ಒಂದು ದಿನವೂ ಆ ನೆರಳಿಗೆ ಕಾಲಿಡಲಿಲ್ಲ. ಮಳೆಗಾಲದ ಹೊತ್ತಿಗೆ ಕೆಮ್ಮಿನಣ್ಣನಿಗೆ ಹೊರಲು ಆಗದೇ ಹೋಯಿತು, ಮಾಯಕೊಂಡಕ್ಕೆ ಮರಳಿದ. ಅವನನ್ನು ಬಸ್ಸು ಹತ್ತಿಸಿ ಬಂದ ಮೇಲೆ ನಮ್ಮ ಗುಂಪಿನಲ್ಲಿ ಐಸಾ ಕೂಗಿದವರು... ಯಾರು ಕೂಗಿದರೋ ನನಗೆ ನೆನಪಿಲ್ಲ. ನಾನೂ ಬಹಳ ದಿನ ಉಳಿಯಲಿಲ್ಲ. ಹಳೇ ಗೋಣಿಚೀಲ ಕೊಂಡು ಮಾರಲು ಶುರು ಮಾಡಿದೆ, ಮೇಸ್ತ್ರಿ ಬೈದ ಹಾಗೆಯೇ ವ್ಯಾಪಾರಿಯಾದೆ. ಅವರು ತೀರಿಕೊಂಡು ಈಗ ಕೆಲವು ವರ್ಷ. ಹೋಗಿ ನೋಡಿದೆ. ಮೀಸೆಗೆ ಎಣ್ಣೆ ಹಚ್ಚಿ ಮಲಗಿಸಿದ್ದರು.

ಕೊಂಡಜ್ಜಿಯಲ್ಲಿ ಹಗ್ಗ ಹಿಡಿದು ಇಷ್ಟನ್ನೂ ಹೇಳಿದೆ. ಟೈಲ್ಸಿನವರು ಚಹಾ ಲೋಟವನ್ನು ನೆಲಕ್ಕಿಟ್ಟರು. ತರಬೇತುದಾರ ಹುಡುಗನಿಗೆ ಖುಷಿಯೋ ಖುಷಿ. "ಸಾರ್, ಸೊರಗಿದವನ ಕೈಲಿ ಕೂಗಿಸೋದು, ಸೂಪರ್ ಲೆಸನ್. ಮುಂದಿನ ಬ್ಯಾಚಿಗೆ ಹೇಳ್ಲಾ?"

"ಹೇಳಪ್ಪ. ಶೆಡ್ಡಿನ ಕಥೆಯನ್ನೂ ಸೇರಿಸಿ ಹೇಳು."

ಅವನು ತಲೆ ಕೆರೆದುಕೊಂಡ. "ಅದು ಬೇಡ ಸಾರ್. ನೆಗೆಟಿವ್ ಆಗುತ್ತೆ. ಫೈನಲ್ ಗೆದ್ದಲ್ಲಿಗೆ ನಿಲ್ಲಿಸಿಬಿಡೋಣ."

ಕೆಟ್ಟ ಹುಡುಗನಲ್ಲ. ಆದರೆ ನನ್ನ ಸಿಟ್ಟು ನೆತ್ತಿಗೇರಿತು. ಬೆಳಿಗ್ಗೆ ತೋರಿಸಿದ ಸಿನಿಮಾ ಏಕೆ ಕಪ್ ಎತ್ತಿದಲ್ಲಿಗೇ ನಿಂತಿತೆಂದು ಆಗ ತಿಳಿಯಿತು. ಆಚೆಗೆ ಹೋದರೆ ಸ್ಕೂಟರುಗಳ ನಡುವೆ ಕೂತವನನ್ನು ತೋರಿಸಬೇಕಾಗುತ್ತದೆ. "ಎರಡೂ ಸೇರಿ ಒಂದೇ ರೇಟು ಕಣಪ್ಪ. ನನ್ನಲ್ಲಿ ಬಿಡಿ ಮಾರಾಟ ಇಲ್ಲ" ಎಂದು ಹಗ್ಗವನ್ನು ಅವನ ಕೈಗೆ ಕೊಟ್ಟು, ಊಟಕ್ಕೆ ಹೋಗಿ ಕೂತೆ. ದುಡ್ಡು ಕೊಟ್ಟಾಗಿತ್ತಲ್ಲ.

ನಿಮಗೆ ನಾನು ಪುಕ್ಕಟೆ ಹೇಳುತ್ತೇನೆ. ನಿಮ್ಮ ಅಂಗಡಿಯಲ್ಲೋ ಆಫೀಸಿನಲ್ಲೋ ನಾಲ್ಕು ಜನ ಸೇರಿ ಭಾರ ಎಳೆಯುವುದಿದ್ದರೆ, ಕೂಗುವ ಕೆಲಸವನ್ನು ಎಲ್ಲರಿಗಿಂತ ದಮ್ಮು ಕಡಿಮೆಯಿರುವವನಿಗೆ ಕೊಡಿ. ನನ್ನ ಅಂಗಡಿಯಲ್ಲಿ ಈಗ ಲಾರಿ ಬಂದರೆ ಯಾವಾಗ ನಿಲ್ಲಿಸಿ ನೀರು ಕುಡಿಯಬೇಕೆಂದು ಹೇಳುವವರು ಚೀಲ ಎಣಿಸುವ ಮುದುಕರು. ಹೊಸ ಆಳುಗಳು ಇನ್ನೂ ಬಿಟ್ಟು ಹೋಗಿಲ್ಲ. ಇನ್ನು, ನಿಮ್ಮವರಿಗೆ ನೆರಳು ಮಾಡಿಸುತ್ತೇನೆಂದು ಯಾರಾದರೂ ಮಾತು ಕೊಟ್ಟು, ಬದಲಿಗೆ ವೇದಿಕೆ ಹತ್ತಿ ಒಂದು ಒಳ್ಳೆಯ ಮಾತಾಡಿ ಎಂದರೆ ಹತ್ತಬೇಡಿ. ಕಂಬ ನೆಡಲಿ, ತಗಡು ಬೀಳಲಿ, ಇದು ಇಂಥವರಿಗೆ ಎಂಬ ಬೋರ್ಡನ್ನು ನೀವೇ ಬರೆಸಿ ಹಾಕಿ. ನಿಮ್ಮಲ್ಲಿ ಕೆಮ್ಮುವವನು ಯಾರೋ ಅವನನ್ನು ಮೊದಲು ಅಲ್ಲಿ ಕೂರಿಸಿ. ಅವನು ಕಾಲು ಚಾಚಿ ಬುತ್ತಿ ಬಿಚ್ಚಿದ್ದನ್ನು ಕಣ್ಣಾರೆ ನೋಡಿ. ಮೈಕು ಹಿಡಿಯುವುದು ಆಮೇಲೆ.