ಎಡಗಡೆಯ ಚಳಿ

ನನ್ನ ಅತ್ತಿಗೆ, ಅಂದರೆ ಅಣ್ಣನ ಹೆಂಡತಿ, ನಗರಸಭೆಯ ಕೊಳದಲ್ಲಿ ಈಜು ಕಲಿಸುತ್ತಾರೆ. ಕೊರಳಲ್ಲಿ ಸೀಟಿ, ಮೈಯೆಲ್ಲ ಕ್ಲೋರಿನ್ ವಾಸನೆ. ಅವರು ಗದರಿದರೆ ಆಚೆ ದಡದವರೂ ನೆಟ್ಟಗಾಗುತ್ತಾರೆ. ಕ್ಯಾನ್ಸರ್ ಬಂದು ಎಡ ಸ್ತನ ತೆಗೆದಾಗಲೂ ಅವರು ಕಣ್ಣೀರು ಹಾಕಿದ್ದನ್ನು ನಾನು ಕಾಣೆ. ಆ ಜಾಗದಲ್ಲಿ ಸಿಲಿಕೋನ್ ಇಂಪ್ಲಾಂಟ್ ಇಟ್ಟರು. ಗಾಯ ಮಾಗಿದ್ದೇ ತಡ, ನೀರಿಗಿಳಿದರು.

ತೊಂದರೆ ಗೊತ್ತಾದದ್ದು ಚಳಿಗಾಲದಲ್ಲಿ. ಈಜಿ ಬಂದು, ಬಿಸಿನೀರಲ್ಲಿ ಮಿಂದು, ಚಹಾ ಕುಡಿದರೂ ಎಡಗಡೆ ಮಾತ್ರ ತಣ್ಣಗೇ ಉಳಿಯುತ್ತಿತ್ತು.

"ಎಲ್ಲಾ ನಿನ್ನ ಭ್ರಮೆ," ಅಂದ ಅಣ್ಣ.

"ಹಾಗಾ? ಬೆನ್ನು ಕೊಡು ಇಲ್ಲಿ," ಎಂದು ಅತ್ತಿಗೆ ಎದೆಯ ಎಡಭಾಗವನ್ನು ಅವನ ಬೆನ್ನಿಗೊತ್ತಿ ಒರಗಿದರು. ಅವನು ಬೆಚ್ಚಿಬಿದ್ದ, ಮತ್ತೆ ಆ ಮಾತೆತ್ತಲಿಲ್ಲ.

ವರ್ಷ ಕಳೆದಂತೆ ಇಂಪ್ಲಾಂಟಿನ ಸುತ್ತ ಬೆಳೆದ ಪೊರೆ ಬಿಗಿದು ಕಲ್ಲಾಯಿತು. ತೋಳು ಪೂರಾ ಎತ್ತಲಾಗದೆ, ಇಂಪ್ಲಾಂಟನ್ನು ತೆಗೆಸದೆ ಗತ್ಯಂತರವಿಲ್ಲವೆಂದಾಯಿತು. ಶಸ್ತ್ರವೈದ್ಯೆ ಎರಡು ದಾರಿ ಹೇಳಿದರು: ಒಂದು, ಹೊಸ ಇಂಪ್ಲಾಂಟ್, ಇನ್ನೊಂದು, ಅದೇ ಆಸ್ಪತ್ರೆಯಲ್ಲಿ ನಡೆಯುತ್ತಿದ್ದ ಸಂಶೋಧನೆ. ಜೇನುಗೂಡಿನಂಥ ತೂತುತೂತಿನ ಮೆತ್ತನೆ ಚೌಕಟ್ಟನ್ನು ಒಳಗಿಟ್ಟು, ರೋಗಿಯದೇ ಹೊಟ್ಟೆಯ ಕೊಬ್ಬನ್ನು ಅದರಲ್ಲಿ ತುಂಬುತ್ತಾರೆ. ರಕ್ತನಾಳಗಳು ಹಬ್ಬಿ ಕೊಬ್ಬು ನೆಲೆಯೂರಬೇಕು. ಚೌಕಟ್ಟು ನಿಧಾನವಾಗಿ ಕರಗಿಹೋಗಬೇಕು.

"ನೆಲೆಯೂರದಿದ್ರೆ?" ಅಂದರು ಅತ್ತಿಗೆ.

"ಮತ್ತೆ ತೆಗೀಬೇಕಾಗುತ್ತೆ. ನೆಲೆಯೂರಿದ್ರೂ ಎಷ್ಟು ಉಳಿಯುತ್ತೆ ಅಂತ ಹೇಳೋಕಾಗಲ್ಲ. ಸುಳ್ಳು ಹೇಳಿ ಒಪ್ಪಿಸೋಳಲ್ಲ ನಾನು."

"ಬೆಚ್ಚಗಿರುತ್ತಾ?"

ವೈದ್ಯೆ ಪೆನ್ನು ಕೆಳಗಿಟ್ಟರು. "ರಕ್ತ ಹರಿದ್ರೆ ಇರ್ಬೇಕು. ನಾವಿನ್ನೂ ಅಳೆದು ನೋಡಿಲ್ಲ."

"ಹಾಗಾದ್ರೆ ಅಳೀರಿ. ನಾನಿದ್ದೀನಲ್ಲ."

ಹಳೆಯ ಇಂಪ್ಲಾಂಟ್ ಇರುವಾಗಲೇ ಮೊದಲ ಅಳತೆ. ಎದೆಗೆ ತಂತಿ ಅಂಟಿಸಿಕೊಂಡು ತಣ್ಣೀರಿನ ತೊಟ್ಟಿಯಲ್ಲಿ ಕೂತು, ಎದ್ದು, ಮೈ ಎಷ್ಟು ಬೇಗ ಬಿಸಿಯೇರುತ್ತದೆಂದು ನೋಡುವುದು. ಹಲ್ಲು ಕಟಕಟ ಅನ್ನುತ್ತಿದ್ದರೂ ಅತ್ತಿಗೆ, ಅಳತೆ ಬರೆದುಕೊಳ್ಳುತ್ತಿದ್ದ ಹುಡುಗಿಗೆ ಈಜುವಾಗ ಉಸಿರು ಬಿಡುವ ಬಗೆ ಹೇಳಿಕೊಡುತ್ತಿದ್ದರು.

ಶಸ್ತ್ರಚಿಕಿತ್ಸೆಯಾಯಿತು. ಕೊಬ್ಬಿನಲ್ಲಿ ಒಂದಿಷ್ಟು ಕರಗಿಹೋಗಿ ಎಡಗಡೆ ಬಲಗಡೆಗಿಂತ ಚಿಕ್ಕದಾಗಿ ನಿಂತಿತು. ಆದರೆ ತೋಳು ಮತ್ತೆ ಕಿವಿಗೆ ತಾಗುವಷ್ಟು ಮೇಲೆದ್ದಿತು. ಎರಡನೇ ಅಳತೆಯ ದಿನ ನಾನೂ ಜೊತೆಗಿದ್ದೆ. ತೊಟ್ಟಿಯಿಂದೆದ್ದ ಸ್ವಲ್ಪ ಹೊತ್ತಿಗೆ ಎರಡೂ ಕಡೆಯ ಬಿಸಿ ತೋರಿಸುವ ಗೆರೆಗಳು ಪರದೆಯ ಮೇಲೆ ಒಟ್ಟೊಟ್ಟಿಗೆ ಏರಿದವು. ಅತ್ತಿಗೆ ಪರದೆಯತ್ತ ನೋಡಲೇ ಇಲ್ಲ. ಅಂಗೈಯನ್ನು ಎದೆಯ ಮೇಲಿಟ್ಟು ಕಣ್ಣು ಮುಚ್ಚಿದ್ದರು. ಅವರು ಅತ್ತದ್ದನ್ನು ಆ ದಿನ ಕಂಡೆ.

"ಸಣ್ಣದಾಯ್ತು ಅಂತ ಬೇಜಾರಾ ಅತ್ತಿಗೆ?" ಎಂದು ದಾರಿಯಲ್ಲಿ ಕೇಳಿದೆ.

"ನನ್ನ ಪಾದಗಳೂ ಒಂದೇ ಅಳತೆ ಇಲ್ಲ ಕಣೆ. ಚಪ್ಪಲಿ ಅಂಗಡಿಯವನಿಗೆ ಬಿಟ್ರೆ ಯಾರಿಗೆ ಗೊತ್ತು?"

ಈಗ ಸಂಶೋಧನೆಗೆ ಬರುವ ಹೆಂಗಸರು ಮೊದಲು ಅವರನ್ನು ಕಾಣುತ್ತಾರೆ. ಅತ್ತಿಗೆ ಒಳ್ಳೆಯದನ್ನು ಕೊನೆಗೆ ಹೇಳುತ್ತಾರೆ. ಹೊಟ್ಟೆಯ ಗಾಯ ಎದೆಗಿಂತ ಹೆಚ್ಚು ನೋಯುತ್ತದೆ, ಎಲ್ಲರಿಗೂ ಫಲಿಸಿಲ್ಲ ಎಂಬುದನ್ನು ಮೊದಲು. ಮೊನ್ನೆ ಒಬ್ಬಾಕೆ ಕೇಳಿದರು, "ಎಷ್ಟು ದಿನಕ್ಕೆ ನೀರಿಗಿಳಿದ್ರಿ ಅಕ್ಕ?"

"ಡಾಕ್ಟ್ರು ಹೇಳಿದ್ದಕ್ಕಿಂತ ಮುಂಚೇನೇ," ಅಂದರು ಅತ್ತಿಗೆ. "ನೀವು ಹಾಗ್ ಮಾಡ್ಬೇಡಿ."